ಲೆನ್ಸಕ್ಕನ ಬಲಗಣ್ಣು

ಪಂದ್ಯ ಮುಗಿಸಿ ಮನೆಗೆ ಬಂದ ಲೆನ್ಸಕ್ಕನನ್ನು ಅತ್ತೆ ಕೇಳುತ್ತಿದ್ದದ್ದು ಯಾವಾಗಲೂ ಒಂದೇ ಪ್ರಶ್ನೆ: ಆ ಗೋಲು ಹೇಗಾಯಿತು? ಲೆನ್ಸಕ್ಕನಿಗೆ ಉತ್ತರ ಗೊತ್ತಿರುತ್ತಿರಲಿಲ್ಲ. ಪತ್ರಿಕೆಯೊಂದಕ್ಕೆ ಇಪ್ಪತ್ತು ವರ್ಷದಿಂದ ಆಟದ ಫೋಟೋ ತೆಗೆಯುತ್ತಿದ್ದವಳು, ಗೋಲುಗಂಬದ ಪಕ್ಕದಲ್ಲೇ ಮೋಟು ಸ್ಟೂಲು ಹಾಕಿಕೊಂಡು ಕೂರುತ್ತಿದ್ದವಳು, ಹೀಗಂದರೆ ಯಾರೂ ನಂಬುತ್ತಿರಲಿಲ್ಲ. ಗೋಲ್‌ಕೀಪರನ ಬೆರಳು ಚೆಂಡಿಗೆ ಎಷ್ಟು ಹತ್ತಿರ ಹೋಗಿತ್ತು ಅಂತ ಕೇಳಿ, ಹೇಳುತ್ತಾಳೆ. ಗೋಲು ಹೊಡೆದವನ ಕತ್ತಿನ ನರ ಹೇಗೆ ಉಬ್ಬಿತ್ತು ಅಂತ ಕೇಳಿ, ಅದನ್ನೂ ಹೇಳುತ್ತಾಳೆ. ಆದರೆ ಆ ಚೆಂಡು ಎಲ್ಲಿಂದ ಹೊರಟು ಯಾರ ಕಾಲಿಂದ ಯಾರ ಕಾಲಿಗೆ ಬಂತು ಅನ್ನುವುದು ಅವಳ ಲೆನ್ಸಿನ ಆಚೆಗೆ ನಡೆದ ಕಥೆ.

ಅತ್ತೆಗೆ ಅದೆಲ್ಲ ಗೊತ್ತಿರುತ್ತಿತ್ತು. ಅವರು ರೇಡಿಯೋ ಕೇಳುವವರು. ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ರೇಡಿಯೋ ಇಟ್ಟುಕೊಂಡು, ಬಟಾಣಿ ಸುಲಿಯುತ್ತಾ, ಆಫ್‌ಸೈಡು ಕೊಟ್ಟ ರೆಫರಿಗೆ ಅಲ್ಲಿಂದಲೇ ಶಾಪ ಹಾಕುವವರು.

"ಅಲ್ಲೇ ಕೂತಿದ್ದು ಏನು ಭಾಗ್ಯ ಬಂತು? ನಾನು ಇಲ್ಲಿ ಕೂತು ನಿನಗಿಂತ ಚೆನ್ನಾಗಿ ನೋಡಿದೆ" ಅನ್ನುತ್ತಿದ್ದರು.

ಲೆನ್ಸಕ್ಕ ಅನ್ನುವ ಹೆಸರು ಆಟಗಾರರು ಇಟ್ಟದ್ದು. ಮೊಳದುದ್ದದ ಲೆನ್ಸನ್ನು ಒಂಟಿಗಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಅದರ ಹಿಂದೆ ಮುಖ ಮರೆಸಿಕೊಂಡು ಕೂರುವವಳಿಗೆ ಬೇರೆ ಹೆಸರಾದರೂ ಏನು ಇಟ್ಟಾರು? ಅವಳ ನಿಜವಾದ ಹೆಸರು ಫೋಟೋದ ಕೆಳಗೆ ಇರುವೆ ಗಾತ್ರದಲ್ಲಿ ಅಚ್ಚಾಗುತ್ತಿತ್ತು. ಓದುವವನು ಗಂಡ ಒಬ್ಬನೇ. ಗಂಡ ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ತಾನು ದಿನಾ ಕೂತು ಊರಿನವರ ನಗು ತಯಾರಿಸುತ್ತೇನೆ, ಇವಳು ಹೋಗಿ ಸೋತವರ ಅಳು ಹಿಡಿದುಕೊಂಡು ಬರುತ್ತಾಳೆ, ಹೇಗೋ ಸಂಸಾರ ಸರಿದೂಗಿದೆ ಎಂದು ಬಂದವರೆದುರು ತಮಾಷೆ ಮಾಡುತ್ತಿದ್ದ.

ಆ ವರ್ಷದ ಲೀಗ್ ಪಂದ್ಯಗಳು ಶುರುವಾದ ಹೊಸದು. ಬಿಸಿಲಿನ ಮಧ್ಯಾಹ್ನ. ಕಾರ್ನರ್ ಕಿಕ್ಕಿಗೆ ಎಲ್ಲರೂ ಗೋಲಿನ ಮುಂದೆ ಗುಂಪುಗಟ್ಟಿದ್ದರು. ಲೆನ್ಸಕ್ಕ ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ಗೋಲುಗಂಬದ ಅಂಚಿಗೆ ಚೌಕಟ್ಟು ಹೊಂದಿಸಿಕೊಂಡಳು. ಕಂಬ ಮಧ್ಯದಲ್ಲಿ ಬಾಗಿತ್ತು. ಬಾಣಲೆಯ ಕಾವಿಗೆ ಬಾಗಿದ ಪ್ಲಾಸ್ಟಿಕ್ ಹಿಡಿಯ ಹಾಗೆ, ಸ್ವಲ್ಪವೇ.

ಕ್ಯಾಮೆರಾ ಇಳಿಸಿ ನೋಡಿದಳು. ಕಂಬ ನೆಟ್ಟಗಿತ್ತು. ಲೆನ್ಸ್ ಒರೆಸಿದಳು, ಕ್ಯಾಮೆರಾದ ಹಿಂದಿನ ಗಾಜು ಒರೆಸಿದಳು, ಮತ್ತೆ ನೋಡಿದಳು. ಬಾಗಿಯೇ ಇತ್ತು. ಕೊನೆಗೆ ಎಡಗಣ್ಣು ಮುಚ್ಚಿ ಬರಿಯ ಬಲಗಣ್ಣಿನಲ್ಲಿ ಕಂಬವನ್ನು ನೋಡಿದಳು. ಅದು ಬಾಗಿತ್ತು, ನೋಟದ ನಟ್ಟನಡುವೆ ಹೊಗೆ ಹಿಡಿದ ನಾಣ್ಯದಂಥ ಮಬ್ಬು ಕಲೆಯೊಂದು ಕೂತಿತ್ತು. ಕಣ್ಣು ಎತ್ತ ಹೊರಳಿದರೆ ಕಲೆಯೂ ಅತ್ತಲೇ ಹೊರಳಿತು. ಕಾರ್ನರ್ ಕಿಕ್ ಯಾವಾಗ ಆಯಿತೋ ಅವಳಿಗೆ ತಿಳಿಯಲಿಲ್ಲ.

ಅವಳು ಹೆದರಲು ಕಾರಣವಿತ್ತು. ಅವಳ ಅಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಕಣ್ಣೊಳಗಿನ ಒತ್ತಡ ಏರಿ ಏರಿ, ನೋಟ ಸುತ್ತಲಿಂದ ಕಿರಿದಾಗುತ್ತಾ ಬಂದು, ಕೊನೆಗೆ ಪೂರ್ತಿ ಹೋಯಿತು. ಸಾಲಿನ ಕೊನೆಯ ಅಕ್ಷರ ಬೋರ್ಡಿನ ಅಂಚು ಮೀರಿ ಹೋಗಲು ಶುರುವಾದಾಗಲೂ ಅವರು ಯಾರಿಗೂ ಹೇಳಲಿಲ್ಲ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ತಡವಾಗಿತ್ತು. ಇದನ್ನು ಕಣ್ಣಾರೆ ಕಂಡ ಮಗಳು ಬುದ್ಧಿ ಕಲಿಯಬೇಕಿತ್ತು ಅನ್ನಬಹುದು. ಆದರೆ ಭಯಕ್ಕೆ ಬುದ್ಧಿಯ ಮಾತು ಕೇಳುವ ಅಭ್ಯಾಸವಿಲ್ಲ. ಡಾಕ್ಟರು ಬಾಯಿಬಿಟ್ಟು ಹೇಳುವ ತನಕ ಕಾಯಿಲೆ ಕಾಯಿಲೆಯೇ ಅಲ್ಲ ಅಂತ ಅವಳಿಗೆ ಅನಿಸಿತು. ಅಪ್ಪ ಮಾಡಿದ್ದನ್ನೇ ಮಾಡಿದಳು. ಬಾಯಿ ಮುಚ್ಚಿಕೊಂಡಳು.

ಮೊದಮೊದಲು ಹೇಗೋ ನಡೆಯಿತು. ಫೋಕಸ್ ಮಾಡುವ ಕೆಲಸ ಕ್ಯಾಮೆರಾವೇ ನೋಡಿಕೊಳ್ಳುತ್ತಿತ್ತು. ಮುಂದೆ ಏನಾಗುತ್ತದೆ ಅನ್ನುವ ಅಂದಾಜು ಅವಳ ಮೈಯಲ್ಲೇ ಇತ್ತು. ಆದರೆ ಮಬ್ಬು ದಟ್ಟವಾಗುತ್ತಾ ಬಂತು. ಓಡಿ ಬರುವವನ ಮುಖ ಇರಬೇಕಾದಲ್ಲಿ ಬೂದಿ ಬಣ್ಣದ ಮುದ್ದೆ. ಆಗ ಎಡಗಣ್ಣಿಗೆ ಬದಲಾಯಿಸಿಕೊಂಡಳು. ಅದು ಬಲಗೈಯವರು ಎಡಗೈಯಲ್ಲಿ ಬರೆದಂತೆ. ಮೂಗು ಹಿಂದಿನ ಪರದೆಗೆ ಒತ್ತಿ ಎಣ್ಣೆ ಮೆತ್ತುತ್ತಿತ್ತು, ಹೆಬ್ಬೆರಳು ಕೆನ್ನೆಗೆ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕು ಬೇರೆ. ಇಷ್ಟು ವರ್ಷ ಬಲಗಣ್ಣು ಕ್ಯಾಮೆರಾದೊಳಗೆ ನೋಡುವಾಗ ಎಡಗಣ್ಣು ಹೊರಗೆ ತೆರೆದೇ ಇದ್ದು ಮೈದಾನ ಕಾಯುತ್ತಿತ್ತು. ಚೆಂಡು ಮೇಲೆ ಬೀಳುತ್ತದಾ, ಆಟಗಾರ ಜಾರಿಕೊಂಡು ಬರುತ್ತಾನಾ ಅಂತ ಹೇಳುತ್ತಿದ್ದದ್ದು ಅದೇ. ಈಗ ಎಡಗಣ್ಣು ಒಳಗೆ ಹೋಯಿತು. ಬಲಗಣ್ಣಿಗೆ ಕ್ಯಾಮೆರಾದ ಮೈಯೇ ಅಡ್ಡ. ಕಾವಲಿನವನೇ ರಜೆ ಹಾಕಿದಂತಾಯಿತು.

ಮನೆಯಲ್ಲಿ ಅವಳು ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ. ಗಂಡ ಕೇಳಿದರೆ ಸೆಕೆ ಅನ್ನುತ್ತಿದ್ದಳು. ಬಾಗಲು ಆಗದ ಅತ್ತೆಯ ಕಾಲಿನ ಉಗುರು ಕತ್ತರಿಸುವುದು ಅವಳ ಪಾಲಿನ ಕೆಲಸ. ಒಂದು ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು ಕತ್ತರಿಸುವಾಗ ಹೆಬ್ಬೆರಳಿನ ಚರ್ಮಕ್ಕೆ ಕಟರ್ ತಾಗಿಸಿಬಿಟ್ಟಳು. ಅತ್ತೆ ಕಾಲು ಎಳೆದುಕೊಳ್ಳಲಿಲ್ಲ. ಸೊಸೆಯ ಮುಖವನ್ನೇ ನೋಡುತ್ತಾ ಕೂತರು.

"ಅಲ್ಲ ಕಣೇ, ಕೋಳಿ ಕಾಳು ನೋಡೋ ಹಾಗೆ ತಲೆ ವಾರೆ ಮಾಡಿ ನೋಡ್ತೀಯಲ್ಲ ಈಚೀಚೆಗೆ, ಯಾಕೆ?"

ಕತ್ತು ಹಿಡಿದುಕೊಂಡಿದೆ ಅಂದಳು ಲೆನ್ಸಕ್ಕ. ಅತ್ತೆ ಹೂಂ ಅಂದರು. ಆ ಹೂಂಗೆ ಹತ್ತು ಅರ್ಥವಿತ್ತು.

ಎಲ್ಲ ಹೊರಬಿದ್ದದ್ದು ಮೈದಾನದಲ್ಲೇ. ಆತಿಥೇಯ ತಂಡದ ನಾಯಕ ಎಡಬದಿಯಲ್ಲಿ ಓಡುವ ಆಟಗಾರ. ಜೂನಿಯರ್ ತಂಡದಲ್ಲಿದ್ದಾಗಿನಿಂದ ಲೆನ್ಸಕ್ಕ ಅವನ ಫೋಟೋ ತೆಗೆದವಳು. ಅವತ್ತು ಅವನು ಗೆರೆ ದಾಟಿ ಹೋಗುತ್ತಿದ್ದ ಚೆಂಡನ್ನು ಉಳಿಸಿಕೊಳ್ಳಲು ಹುಲ್ಲಿನ ಮೇಲೆ ಜಾರಿದ. ಜಾಹೀರಾತು ಹಲಗೆಗಳ ಸಂದಿಯಿಂದ ನೇರ ಅವಳ ಮೇಲೆಯೇ ಬಂದ. ಅವಳು ಎಡಗಣ್ಣಿನಲ್ಲಿ ಗೋಲಿನ ಮುಂದಿನ ಗುಂಪನ್ನು ನೋಡುತ್ತಿದ್ದಳು. ಬಲಗಡೆಯಿಂದ ಬಂದದ್ದು ಏನು ಅಂತ ತಿಳಿಯುವಷ್ಟರಲ್ಲಿ ಸ್ಟೂಲು ಒಂದು ಕಡೆ, ಅವಳು ಒಂದು ಕಡೆ. ಲೆನ್ಸಿನ ಮುಂದಿನ ಗಾಜು ಚಟ್ಟೆಂದ ಸದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಇಬ್ಬರಿಗೂ ದೊಡ್ಡ ಪೆಟ್ಟೇನೂ ಆಗಲಿಲ್ಲ. ಅವನ ಮೊಣಕೈ ತರಚಿತ್ತು, ಅವಳ ಸೊಂಟ ಉಳುಕಿತ್ತು. ನಾಯಕ ಅವಳನ್ನು ಎಬ್ಬಿಸಿ ಕೂರಿಸಿ, ತಂಡದ ಫಿಸಿಯೋ ಓಡಿ ಬರುವ ತನಕ ಪಕ್ಕದಲ್ಲೇ ಮೊಣಕಾಲೂರಿ ಕೂತ.

"ಅಕ್ಕಾ, ನಾನು ಬರೋಕೆ ಮೊದಲೇ ನೀವು ಕಾಲು ತೆಗೀತೀರ. ಯಾವಾಗಲೂ. ಅದೇ ಧೈರ್ಯದ ಮೇಲೆ ಜಾರಿದೆ. ಇವತ್ತು ಏನಾಯ್ತು?"

ಅವಳು ಹೇಳಬಾರದು ಅಂದುಕೊಂಡಿದ್ದಳು. ಆದರೆ ಅವನ ಮೊಣಕೈಯಿಂದ ರಕ್ತ ಜಿನುಗುತ್ತಿತ್ತು. ಅವನ ಕಾಲೇ ಮುರಿದಿದ್ದರೆ?

"ಬಲಗಣ್ಣು ಸರಿಯಾಗಿ ಕಾಣ್ತಿಲ್ಲ ಕಣಪ್ಪಾ" ಅಂದಳು.

ಎಷ್ಟೋ ದಿನದಿಂದ ಒಳಗೇ ಬಚ್ಚಿಟ್ಟುಕೊಂಡಿದ್ದ ಮಾತು. ಹೊರಗೆ ಬಂದಾಗ ಎಷ್ಟು ಚಿಕ್ಕದಿತ್ತು ಅಂದರೆ ಅವಳಿಗೇ ನಗು ಬಂತು. ನಗುತ್ತಾ ಕಣ್ಣೀರೂ ಬಂತು. ನಾಯಕ ಅವಳ ಒಡೆದ ಲೆನ್ಸನ್ನು ಎರಡೂ ಕೈಯಲ್ಲಿ ಕೂಸಿನ ಹಾಗೆ ಎತ್ತಿ ಕೊಟ್ಟ. ನಾಳೆಯೇ ಡಾಕ್ಟರ ಹತ್ತಿರ ಹೋಗಿ ಅಂತ ಹೇಳಿ ಆಟಕ್ಕೆ ಮರಳಿದ.

ಅಲ್ಲಿಂದ ಕುಂಟುತ್ತಾ ನೇರ ಕಚೇರಿಗೆ ಹೋದಳು. ಕ್ರೀಡಾಪುಟದ ಸಂಪಾದಕ ಮಿತಭಾಷಿ. ಬಾಯಿಂದ ಮಾತು ಬೀಳಬೇಕಾದರೆ ಮುಹೂರ್ತ ನೋಡಬೇಕು ಅಂತ ಕಚೇರಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಈ ಸುದ್ದಿ ಕೇಳಿದ ಕೂಡಲೇ ಇನ್ನೊಬ್ಬರನ್ನು ನೇಮಿಸುತ್ತಾರೆ ಅಂತ ಅವಳು ಎಷ್ಟೋ ಬಾರಿ ಮನಸ್ಸಿನಲ್ಲೇ ಆ ದೃಶ್ಯ ಆಡಿ ನೋಡಿದ್ದಳು. ಒಡೆದ ಲೆನ್ಸನ್ನು ಮೇಜಿನ ಮೇಲಿಟ್ಟು, ನಿಂತುಕೊಂಡೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವರು ಕುರ್ಚಿ ತೋರಿಸಿದರು. ಕಂಪ್ಯೂಟರಿನಲ್ಲಿ ಅವಳು ಕಳಿಸಿದ್ದ ಫೋಟೋಗಳನ್ನು ಒಂದೊಂದಾಗಿ ತೆರೆದರು. ಒಂದರಲ್ಲೂ ಮೈದಾನ ಸಮನಾಗಿರಲಿಲ್ಲ. ಎಲ್ಲ ಒಂದೇ ಕಡೆಗೆ ಇಳಿಜಾರು, ಆಟಗಾರರೆಲ್ಲ ಗುಡ್ಡ ಹತ್ತುತ್ತಿರುವ ಹಾಗೆ.

"ನಾನೇ ನೆಟ್ಟಗೆ ಮಾಡಿ ಪುಟಕ್ಕೆ ಹಾಕ್ತಾ ಇದ್ದೆ" ಅಂದರು.

"ಗೊತ್ತಿತ್ತಾ ಸರ್? ಮತ್ತೆ ಯಾಕೆ ಕೇಳಲಿಲ್ಲ?"

"ನೀವೇ ಹೇಳ್ತೀರ ಅಂತ ಕಾಯ್ತಿದ್ದೆ. ಕೇಳಿದ್ರೆ ಎಲ್ಲಿ ಕೆಲಸ ಬಿಟ್ಟು ಹೋಗ್ತೀರೋ ಅಂತ ಹೆದರಿಕೆ."

ಇವಳು ಅವರಿಗೆ ಹೆದರಿ ಮುಚ್ಚಿಟ್ಟಳು, ಅವರು ಇವಳಿಗೆ ಹೆದರಿ ಮುಚ್ಚಿಟ್ಟರು; ನಡುವೆ ಮೈದಾನವೊಂದು ಸುಮ್ಮನೆ ವಾಲಿಕೊಂಡು ನಿಂತಿತ್ತು. ಲೆನ್ಸಿಗೆ ವಿಮೆ ಇದೆ, ಅದರ ಚಿಂತೆ ಬಿಡಿ, ಕಣ್ಣಿಗೆ ಏನು ಅಂತ ಮೊದಲು ತೋರಿಸಿಕೊಂಡು ಬನ್ನಿ ಅಂದರು ಸಂಪಾದಕರು. ಅವರ ಲೆಕ್ಕದಲ್ಲಿ ಅದು ಭಾಷಣ.

ಮನೆಯಲ್ಲಿ ಗಂಡ ಕೇಳಿ ಕಂಗಾಲಾದ. ಸೆಕೆ ಅಂದದ್ದನ್ನು ನಂಬಿ ಫ್ಯಾನು ರಿಪೇರಿ ಮಾಡಿಸಿದ್ದೆನಲ್ಲ ಅಂತ ತನ್ನನ್ನೇ ಬೈದುಕೊಂಡ. ಅತ್ತೆ ಮಾತ್ರ ಬಟಾಣಿ ಪಾತ್ರೆ ಪಕ್ಕಕ್ಕಿಟ್ಟು, "ಅವತ್ತೇ ಗೊತ್ತಾಯ್ತು ನನಗೆ. ಕತ್ತು ಹಿಡ್ಕೊಂಡಿದ್ರೆ ಬೆರಳು ಯಾಕೆ ಕತ್ತರಿಸ್ತೀಯ? ಬೆಳಿಗ್ಗೆ ನಾನೇ ಕರ್ಕೊಂಡು ಹೋಗ್ತೀನಿ" ಅಂದರು. ಗಂಡ ತಾನು ಬರುತ್ತೇನೆ ಅಂದ. ನಿನ್ನ ಮುಖ ನೋಡಿದರೆ ಡಾಕ್ಟರು ನಿನಗೇ ಔಷಧಿ ಕೊಟ್ಟಾರು, ನೀನು ಹಲ್ಲು ಕೂರಿಸು ಹೋಗು ಅಂದುಬಿಟ್ಟರು.

ಕಣ್ಣಿನ ಆಸ್ಪತ್ರೆಯ ಹೊರ ಹಾಲಿನಲ್ಲಿ ಸಾಲು ಸಾಲು ಕಬ್ಬಿಣದ ಕುರ್ಚಿಗಳು. ಪಾಪೆ ಅಗಲವಾಗಲು ಹನಿ ಹಾಕಿಸಿಕೊಂಡವರೆಲ್ಲ ಮುಖ ಮೇಲೆತ್ತಿ, ಕಣ್ಣು ಮುಚ್ಚಿ, ಚಾವಣಿಗೆ ಏನೋ ಬೇಡಿಕೊಳ್ಳುವವರಂತೆ ಕೂತಿದ್ದರು. ಲೆನ್ಸಕ್ಕನಿಗೂ ಹನಿ ಬಿತ್ತು. ಚೌಕುಳಿ ಗೆರೆಯ ಹಾಳೆಯೊಂದನ್ನು ಕೊಟ್ಟು ಬಲಗಣ್ಣಲ್ಲಿ ನೋಡಿ ಅಂದರು; ಗೆರೆಗಳು ನಡುವೆ ಸುಕ್ಕುಗಟ್ಟಿದ್ದವು. ಆಮೇಲೆ ಯಂತ್ರವೊಂದರ ಮುಂದೆ ಗಲ್ಲ ಊರಿಸಿ ಕೂರಿಸಿದರು. ಒಳಗೆ ಹಸಿರು ಬೆಳಕು. ರೆಪ್ಪೆ ಬಡಿಯಬೇಡಿ ಅಂದರು. ಜೀವನವೆಲ್ಲ ಬೇರೆಯವರ ಫೋಟೋ ತೆಗೆದವಳ ಕಣ್ಣಿನದೇ ಫೋಟೋ ಆಯಿತು.

ಡಾಕ್ಟರು ಅವಳ ವಯಸ್ಸಿನ ಹೆಂಗಸು. ಪರದೆಯ ಮೇಲೆ ಚಿತ್ರ ತೋರಿಸಿದರು. ಪದರ ಪದರವಾದ ಗೆರೆಗಳು, ಅದರ ಕೆಳಗೆ ಒಂದು ಕಡೆ ಪುಟ್ಟ ಉಬ್ಬು. ಗೋಡೆಯೊಳಗೆ ತೇವ ಸೇರಿ ಬಣ್ಣ ಉಬ್ಬುತ್ತದಲ್ಲ, ಹಾಗೇ ನಿಮ್ಮ ಕಣ್ಣಿನ ಪರದೆಯ ಹಿಂದೆ ಒಂದಿಷ್ಟು ನೀರು ಸೇರಿಕೊಂಡಿದೆ ಅಂದರು. ನಿದ್ದೆ ಹೇಗಿದೆ, ಚಿಂತೆ ಏನಾದರೂ ಇದೆಯಾ ಅಂತ ಕೇಳಿದರು.

"ಚಿಂತೆ ಅಂದ್ರೆ ಈ ಕಣ್ಣಿಂದೇ" ಅಂದಳು ಲೆನ್ಸಕ್ಕ.

ಡಾಕ್ಟರು ಸಣ್ಣಗೆ ನಕ್ಕರು. ಕೆಲವರಿಗೆ ಚಿಂತೆ, ನಿದ್ದೆಗೇಡು ಇವೇ ಇದನ್ನು ಹೆಚ್ಚಿಸುತ್ತವೆ ಅಂತ ವಿವರಿಸಿದರು. ಲೆನ್ಸಕ್ಕ ಅಪ್ಪನ ವಿಷಯ ಹೇಳಿದಳು. ಅದೇ ತಾನೇ ಇದು ಅಂತ ಕೇಳಿದಳು. ಕೇಳುವಾಗ ಅತ್ತೆಯ ಮೊಣಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅಲ್ಲಿ ಬೆರಳಿನ ಗುರುತು ಮೂಡಿತ್ತು.

"ಅಲ್ಲ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಿಮ್ಮ ಕಣ್ಣಿನ ಒತ್ತಡ ಸರಿಯಾಗಿದೆ. ಅಪ್ಪನಿಗಿತ್ತು ಅಂದಮೇಲೆ ವರ್ಷಕ್ಕೊಮ್ಮೆ ಬಂದು ನೋಡಿಸ್ಕೊಳ್ಳಿ, ಅಷ್ಟೇ. ಈ ನೀರು ಹೆಚ್ಚಿನವರಲ್ಲಿ ಮೂರು ನಾಲ್ಕು ತಿಂಗಳಲ್ಲಿ ತಾನಾಗೇ ಇಂಗಿಹೋಗುತ್ತೆ. ಹೋಗದಿದ್ರೆ ಚಿಕಿತ್ಸೆ ಇದೆ. ಕುರುಡಾಗೋ ಕಾಯಿಲೆ ಅಲ್ಲ ಇದು."

ಹೋದ ಜೀವ ಬಂದಂತಾಯಿತು ಅನ್ನುತ್ತಾರಲ್ಲ, ಆ ಮಾತಿನ ಅರ್ಥ ಲೆನ್ಸಕ್ಕನಿಗೆ ಆ ಕೋಣೆಯಲ್ಲಿ ತಿಳಿಯಿತು. ಹೊರಗೆ ಬಂದಾಗ ಹನಿ ಹಾಕಿದ ಕಣ್ಣಿಗೆ ಬೀದಿಯೆಲ್ಲ ಬೆಳ್ಳಗೆ ಕರಗಿ ಹೋಗಿತ್ತು. ಅತ್ತೆ ತಮ್ಮ ಕೊಡೆ ಬಿಚ್ಚಿ ಸೊಸೆಯ ತಲೆಯ ಮೇಲೆ ಹಿಡಿದರು. ಎತ್ತರ ಸಾಲದೆ ಅದರ ಕಡ್ಡಿ ಪದೇ ಪದೇ ಅವಳ ನೆತ್ತಿಗೆ ತಾಗುತ್ತಿತ್ತು. ಅವಳು ಸುಮ್ಮನೆ ತಾಗಿಸಿಕೊಂಡು ನಡೆದಳು.

ನೀರು ಇಂಗುವ ತನಕ ಸಂಪಾದಕರು ಅವಳನ್ನು ಚೆಸ್ ಪಂದ್ಯಗಳಿಗೆ ಹಾಕಿದರು. ಯಾರೂ ಬಂದು ಮೈಮೇಲೆ ಬೀಳದ ಆಟ. ಶುರುವಿನಲ್ಲಿ ಅವಳಿಗೆ ಅವಮಾನವೇ ಅನಿಸಿತು; ಇಬ್ಬರು ಕಲ್ಲಿನ ಹಾಗೆ ಕೂತಿರುವುದರಲ್ಲಿ ಏನು ಫೋಟೋ? ಎರಡನೇ ದಿನ ಬಗ್ಗಿ ಮೇಜಿನ ಕೆಳಗೆ ನೋಡಿದಳು. ಮೇಲೆ ಮುಖ ತಣ್ಣಗಿಟ್ಟುಕೊಂಡಿದ್ದ ಆಟಗಾರ್ತಿ ಕೆಳಗೆ ಬೂಟು ಕಳಚಿ, ಕಾಲ್ಬೆರಳನ್ನೆಲ್ಲ ಮುದುಡಿ ಹಿಡಿದಿದ್ದಳು. ಎದುರಿನವನ ಮಂಡಿ ಹೊಲಿಗೆ ಯಂತ್ರದ ಹಾಗೆ ಕುಣಿಯುತ್ತಿತ್ತು. ಎಡಗಣ್ಣಿನಲ್ಲೇ ನಿಧಾನವಾಗಿ ಹೊಂದಿಸಿ ತೆಗೆದ ಆ ಫೋಟೋ ಪುಟದ ನೆತ್ತಿಯಲ್ಲಿ ಬಂತು. ನೆಟ್ಟಗೆ ಮಾಡಬೇಕಾಗಿ ಬರಲಿಲ್ಲ ಅಂತ ಸಂಪಾದಕರು ಒಂದು ಸಾಲಿನ ಸಂದೇಶ ಕಳಿಸಿದರು.

ಅದೇ ದಿನಗಳಲ್ಲಿ ಅವಳು ಇನ್ನೊಂದು ಕೆಲಸ ಮಾಡಿದಳು. ಎರಡು ಟಿಕೆಟು ತೆಗೆದುಕೊಂಡು ಅತ್ತೆಯನ್ನು ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದಳು. ನಲವತ್ತು ವರ್ಷದಿಂದ ರೇಡಿಯೋದಲ್ಲಿ ಆಟ ನೋಡಿದವರು ಒಮ್ಮೆಯೂ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ, ಸೀಟಿನಲ್ಲಿ ಕೂತು, ಮೈದಾನವನ್ನು ಈ ತುದಿಯಿಂದ ಆ ತುದಿಗೆ ನೋಡಿದರು.

"ಇಷ್ಟೇನಾ? ರೇಡಿಯೋದಲ್ಲಿ ಇನ್ನೂ ದೊಡ್ಡದಿತ್ತು."

ಚೀಲದಿಂದ ರೇಡಿಯೋ ತೆಗೆದು, ಅದರ ಇಯರ್‌ಫೋನಿನ ಒಂದು ತುದಿ ತಮ್ಮ ಕಿವಿಗೆ, ಇನ್ನೊಂದು ಸೊಸೆಯ ಕಿವಿಗೆ ಸಿಕ್ಕಿಸಿದರು. ಕ್ಯಾಮೆರಾ ಇಲ್ಲದ ಲೆನ್ಸಕ್ಕನಿಗೆ ಕೈ ಎಲ್ಲಿಡಬೇಕು ಅಂತಲೇ ಗೊತ್ತಾಗಲಿಲ್ಲ. ಮೊದಲರ್ಧ ಪೂರ್ತಿ ಅವಳ ಕಣ್ಣು ಅಭ್ಯಾಸಬಲದಿಂದ ಗೋಲಿನ ಬಳಿಯೇ ಕಾದು ಕೂತಿತ್ತು. ಅತ್ತೆ ತಿವಿದರು. ಅಲ್ಲಲ್ಲ, ಹಿಂದೆ ನೋಡು, ಅವನು ಚೆಂಡು ತಗೊಂಡ ಅಂದರು. ಅವಳು ನೋಡಿದಳು. ಚೆಂಡಿನ ಹತ್ತಿರವೇ ಇಲ್ಲದ ಆಟಗಾರನೊಬ್ಬ ಸುಮ್ಮನೆ ಅಡ್ಡ ಓಡಿದ, ಅವನ ಹಿಂದೆ ಎದುರಾಳಿಯೊಬ್ಬ ಹೋದ, ಅಲ್ಲೊಂದು ಬಾಗಿಲು ತೆರೆದಂತಾಯಿತು. ಆ ಬಾಗಿಲಲ್ಲಿ ಚೆಂಡು ನುಗ್ಗಿತು. ಎರಡು ಪಾಸು, ಗೋಲು. ಸುತ್ತ ಎಲ್ಲರೂ ಎದ್ದು ನಿಂತರು. ಅವಳು ಕೂತೇ ಇದ್ದಳು. ಅಡ್ಡ ಓಡಿದವನನ್ನು ಇಷ್ಟು ವರ್ಷದಲ್ಲಿ ತಾನು ಒಮ್ಮೆಯೂ ತೆಗೆದಿಲ್ಲವಲ್ಲ ಅಂತ ಅವಳಿಗೆ ಅನಿಸಿತು. ಬೇಸರವಾಗಲಿಲ್ಲ. ಮಾಡಬೇಕಾದ ಕೆಲಸ ಇನ್ನೂ ಇದೆ ಅಂತ ಮನಸ್ಸು ಹಗುರಾಯಿತು.

ಮೂರನೆಯ ಬಾರಿ ಆಸ್ಪತ್ರೆಗೆ ಹೋದಾಗಲೂ ಅತ್ತೆಯೇ ಜೊತೆಗಿದ್ದರು. ಮಬ್ಬು ತೆಳುವಾಗಿದ್ದು ಲೆನ್ಸಕ್ಕನಿಗೆ ತಿಳಿದಿತ್ತು. ಆದರೂ ಅದನ್ನು ಬಾಯಿಬಿಟ್ಟು ಹೇಳಲು ಧೈರ್ಯವಿರಲಿಲ್ಲ. ಡಾಕ್ಟರು ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಪಕ್ಕಪಕ್ಕ ಇಟ್ಟರು. ಉಬ್ಬು ಇರಲಿಲ್ಲ. ಪದರಗಳು ಮಡಿಸಿಟ್ಟ ಬಟ್ಟೆಯ ಹಾಗೆ ಒಂದರ ಮೇಲೊಂದು ಸಮನಾಗಿ ಮಲಗಿದ್ದವು. ಆ ಕಣ್ಣಿಗೆ ಕೆಂಪು ಬಣ್ಣ ಸ್ವಲ್ಪ ಪೇಲವವಾಗಿ ಕಾಣುತ್ತದೆ ಅಂತ ಲೆನ್ಸಕ್ಕ ಹೇಳಿದಳು. ಅದು ಹಾಗೇ ಉಳಿದರೂ ಉಳಿಯಬಹುದು, ಮತ್ತೆ ಮಬ್ಬು ಬಂದರೆ ಅವತ್ತೇ ಬನ್ನಿ, ಬಚ್ಚಿಡಬೇಡಿ ಅಂದರು ಡಾಕ್ಟರು. ಮೈದಾನಕ್ಕೆ ಹೋಗಬಹುದಾ ಅಂತ ಕೇಳಿದ್ದು ಅತ್ತೆ. ಧಾರಾಳವಾಗಿ ಅಂದರು.

"ಬೆಟ್ಟದ ಹಾಗೆ ಬಂದದ್ದು ಮಂಜಿನ ಹಾಗೆ ಹೋಯ್ತು ಬಿಡು" ಅಂದರು ಅತ್ತೆ, ಬಸ್ಸಿನಲ್ಲಿ ಕೂತ ಮೇಲೆ.

ಕಿಟಕಿಯ ಗಾಳಿಗೆ ಲೆನ್ಸಕ್ಕನ ತಲೆ ಮೆಲ್ಲಗೆ ವಾಲಿ ಅತ್ತೆಯ ಭುಜಕ್ಕೆ ಬಂದು ನಿಂತಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಇಳಿಯಬೇಕಾದ ನಿಲ್ದಾಣ ಬಂತು. ಅತ್ತೆ ಅವಳನ್ನು ಎಬ್ಬಿಸಲು ಕೈ ಎತ್ತಿದರು, ಮುಖ ನೋಡಿದರು, ಕೈ ಇಳಿಸಿದರು. ಬಸ್ಸು ಮುಂದೆ ಹೋಯಿತು. ಕಂಡಕ್ಟರ್ ಬಂದು ನಿಮ್ಮ ಸ್ಟಾಪು ಹೋಯಿತಲ್ಲಮ್ಮಾ ಅಂದಾಗ ತುಟಿಗೆ ಬೆರಳಿಟ್ಟು, ಕೊನೆಯ ನಿಲ್ದಾಣದ ತನಕ ಎರಡು ಟಿಕೆಟು ಕೇಳಿದರು. ಅಷ್ಟರಲ್ಲಿ ಮಗನ ಫೋನು ಬಂತು. ಡಾಕ್ಟರು ಏನಂದರು, ಎಲ್ಲಿದ್ದೀರಿ, ಯಾಕಿಷ್ಟು ತಡ ಅಂತ ಅವನದು ಒಂದೇ ಸಮನೆ.

"ಎಲ್ಲ ಸರಿಹೋಗಿದೆ ಕಣೋ" ಅಂದರು ಅತ್ತೆ ಪಿಸುದನಿಯಲ್ಲಿ. "ನಿನ್ನ ಹೆಂಡತಿ ಮಲಗಿದಾಳೆ. ಬಸ್ಸು ತಿರುಗಿ ಬರುವಾಗ ಇಳೀತೀವಿ. ನೀನು ಹಸಿವಾಗಿದ್ರೆ ತಿಂದ್ಬಿಡು."